ಎಳೆಯ ಕೀಲಿನ ಒಳಗುರಿ

ಬೆಳಿಗ್ಗೆ ಹಾಸಿಗೆಯಿಂದ ಎದ್ದ ಮಗು ನಾಲ್ಕು ಹೆಜ್ಜೆ ಕುಂಟುತ್ತದೆ. ಮುಖ ತೊಳೆದು, ತಿಂಡಿ ತಿಂದು, ಶಾಲೆಯ ವ್ಯಾನು ಬರುವ ಹೊತ್ತಿಗೆ ಕುಂಟು ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಸಂಜೆ ಬೀದಿಯಲ್ಲಿ ಓರಗೆಯವರ ಜೊತೆ ಆಡುತ್ತದೆ. ಎಲ್ಲೋ ಬಿದ್ದು ಉಳುಕಿಸಿಕೊಂಡಿರಬೇಕು ಎಂದು ಮನೆಯವರು ಎಣ್ಣೆ ತಿಕ್ಕುತ್ತಾರೆ, ಶಾಖ ಕೊಡುತ್ತಾರೆ, ಪುತ್ತೂರು ಕಟ್ಟು ಹಾಕಿಸುತ್ತಾರೆ. 'ಬೆಳೆಯೋ ಮಕ್ಕಳಿಗೆ ಕಾಲುನೋವು ಇದ್ದದ್ದೇ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ವಾರಗಳು ಕಳೆದು ಮಂಡಿ ಊದಿದ್ದು ಎದ್ದು ಕಂಡಾಗ ಎಕ್ಸ್‌ರೇ ತೆಗೆಸಿದರೆ ಮೂಳೆ ಸರಿಯಾಗಿಯೇ ಇರುತ್ತದೆ. 'ಏನೂ ಇಲ್ಲವಂತೆ' ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಆ ನಿಟ್ಟುಸಿರು ಅವಸರದ್ದು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂಬುದಕ್ಕೂ ಕೀಲಿನಲ್ಲಿ ಏನೂ ಆಗಿಲ್ಲ ಎಂಬುದಕ್ಕೂ ಬಹಳ ಅಂತರವಿದೆ. ಮಕ್ಕಳ ಸಂಧಿವಾತ ಮೊದಲು ಕೈಹಾಕುವುದೇ ಎಕ್ಸ್‌ರೇಗೆ ಕಾಣದ ಭಾಗಗಳಿಗೆ. ಆ ಭಾಗಗಳನ್ನು ತೆರೆದು ತೋರಿಸಬಲ್ಲ ಪರೀಕ್ಷೆ ಎಂಆರ್‌ಐ. ಆದರೆ ಯಾವ ಕೀಲಿಗೆ, ಯಾವಾಗ, ಏನನ್ನು ತಿಳಿಯಲು ಈ ಸ್ಕ್ಯಾನ್ ಎಂಬುದು ಮೊದಲೇ ಸ್ಪಷ್ಟವಾಗಿರಬೇಕು. ಬಂದ ಚಿತ್ರವನ್ನು ಬೆಳೆಯುವ ಮೂಳೆಯ ಗುಣ ಬಲ್ಲವರು ಓದಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಎಷ್ಟು ದುಬಾರಿಯ ಯಂತ್ರವೂ ಮಗುವಿಗೆ ನೆರವಾಗದು.

ಮಕ್ಕಳಿಗೂ ಸಂಧಿವಾತ

ಸಂಧಿವಾತ ಎಂದರೆ ಮುಪ್ಪಿನ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಎರಡು ವರ್ಷದ ಕೂಸಿಗೂ ಅದು ಬರುತ್ತದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿದ್ದ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 1897ರಲ್ಲಿ ದೀರ್ಘಕಾಲದ ಕೀಲು ಕಾಯಿಲೆಯಿದ್ದ 22 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಇದು ದೊಡ್ಡವರ ಕಾಯಿಲೆಯ ಕಿರಿಯ ರೂಪವಷ್ಟೇ ಅಲ್ಲ, ಇದಕ್ಕೆ ಇದರದೇ ನಡೆ ಇದೆ ಎಂದು ತೋರಿಸಿದ ಬರಹವದು.

ಈಗ ವೈದ್ಯರು ಇದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಚೀಟಿಯ ಮೇಲೆ ಚಿಕ್ಕದಾಗಿ ಜೆಐಎ ಎಂದು ಬರೆಯುತ್ತಾರೆ. 16 ವರ್ಷ ತುಂಬುವ ಮುನ್ನ ಶುರುವಾಗಿ, ಕನಿಷ್ಠ ಆರು ವಾರ ಉಳಿದು, ಬೇರೆ ಯಾವ ಕಾರಣವೂ ಸಿಗದ ಕೀಲಿನ ಉರಿಯೂತಕ್ಕೆ ಈ ಹೆಸರು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿ ಬೀಳುತ್ತದೆ. ಇದರಲ್ಲಿ ಏಳು ಬಗೆಗಳಿವೆ. ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲುಗಳಿಗೆ ಬಂದರೆ ಒಂದು ಬಗೆ. ಐದು ಅಥವಾ ಹೆಚ್ಚು ಕೀಲುಗಳಿಗೆ ಬಂದರೆ, ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಇದೆಯೇ ಇಲ್ಲವೇ ಎಂಬುದರ ಮೇಲೆ ಮತ್ತೆರಡು ಬಗೆ. ದಿನವೂ ಏರಿಳಿಯುವ ಜ್ವರ, ಮೈಮೇಲೆ ಗಂದೆಯೊಂದಿಗೆ ಬರುವುದು ಇನ್ನೊಂದು. ಸೋರಿಯಾಸಿಸ್‌ಗೆ ಅಂಟಿಕೊಂಡಿದ್ದು, ಸ್ನಾಯುರಜ್ಜು ಮೂಳೆಗೆ ಕೂಡುವ ಜಾಗದಲ್ಲಿ ಕಾಡುವುದು, ಯಾವ ಗುಂಪಿಗೂ ಸರಿಯಾಗಿ ಸೇರದ್ದು ಉಳಿದ ಮೂರು. ಸ್ನಾಯುರಜ್ಜಿನ ತುದಿಯನ್ನು ಹಿಡಿಯುವ ಬಗೆ ಹೆಚ್ಚಾಗಿ ಹತ್ತು ವರ್ಷದ ಆಚೀಚಿನ ಗಂಡುಮಕ್ಕಳಲ್ಲಿ ಕಾಣುತ್ತದೆ. ಭಾರತದ ಆಸ್ಪತ್ರೆಗಳಲ್ಲಿ ಅದರ ಪಾಲು ದೊಡ್ಡದು.

ಬೆಳವಣಿಗೆಯ ನೋವಿಗೂ ಸಂಧಿವಾತಕ್ಕೂ ವ್ಯತ್ಯಾಸ ಗುರುತಿಸುವುದು ಮನೆಯಲ್ಲೇ ಸಾಧ್ಯ. ಬೆಳವಣಿಗೆಯ ನೋವು ಬರುವುದು ಸಂಜೆ ಅಥವಾ ರಾತ್ರಿ, ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ. ಬೆಳಗಾಗುವ ಹೊತ್ತಿಗೆ ಮಗು ಸರಿಯಾಗಿರುತ್ತದೆ, ಊತ ಇರುವುದಿಲ್ಲ. ಸಂಧಿವಾತದಲ್ಲಿ ಇದು ತಿರುಗುಮುರುಗು. ಬೆಳಿಗ್ಗೆ ಕೀಲು ಬಿಗಿದುಕೊಂಡಿರುತ್ತದೆ, ಹೊತ್ತು ಏರಿದಂತೆ ಸಡಿಲವಾಗುತ್ತದೆ. ಚಿಕ್ಕ ಮಗು ನೋವು ಎನ್ನುವುದೇ ಅಪರೂಪ. ಮೊದಲು ತಾನೇ ಹತ್ತುತ್ತಿದ್ದ ಮೆಟ್ಟಿಲಿಗೆ ಎತ್ತಿಕೊ ಎನ್ನುತ್ತದೆ, ಚಕ್ಕಳಮಕ್ಕಳ ಹಾಕಿ ಕೂರಲು ಒಪ್ಪುವುದಿಲ್ಲ, ಕುಕ್ಕರುಗಾಲಲ್ಲಿ ಕೂರಲು ಅಳುತ್ತದೆ. ಇದನ್ನು ಹಟ ಎಂದುಕೊಂಡು ಗದರಿಸಿದ ಮನೆಗಳೂ ಇವೆ.

ಎಕ್ಸ್‌ರೇ ಎಲ್ಲಿ ಸೋಲುತ್ತದೆ

ಕೀಲಿನ ಒಳಗೋಡೆಗೆ ಸೈನೋವಿಯಂ ಎಂಬ ತೆಳುವಾದ ಪೊರೆ ಇದೆ. ಮೂಳೆಗಳು ಒಂದರ ಮೇಲೊಂದು ಜಾರಲು ಬೇಕಾದ ದ್ರವವನ್ನು ಒಸರಿಸುವುದು ಅದೇ. ಸಂಧಿವಾತ ಶುರುವಾಗುವುದು ಈ ಪೊರೆಯಲ್ಲಿ. ಅದು ದಪ್ಪವಾಗುತ್ತದೆ, ಹೊಸ ರಕ್ತನಾಳಗಳು ಬೆಳೆಯುತ್ತವೆ, ದ್ರವ ಮಿತಿಮೀರಿ ತುಂಬುತ್ತದೆ. ಉರಿಯೂತ ನಿಲ್ಲದಿದ್ದರೆ ಊದಿದ ಪೊರೆ ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿಯ ಮೇಲೆ ಹರಿದು ಅದನ್ನು ಸವೆಸುತ್ತದೆ, ಆಮೇಲೆ ಮೂಳೆಯನ್ನು ಕೊರೆಯುತ್ತದೆ. ಬಾಗಿಲ ಚೌಕಟ್ಟಿಗೆ ಹತ್ತಿದ ಗೆದ್ದಲಿನ ಹಾಗೆ ಇದು. ಮೇಲಿನ ಬಣ್ಣ ಮಾಸಿರುವುದಿಲ್ಲ, ಒಳಗೆ ಮರ ಟೊಳ್ಳಾಗಿರುತ್ತದೆ.

ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಕ್ಯಾಲ್ಸಿಯಂ ತುಂಬಿದ ಗಟ್ಟಿ ಮೂಳೆಯನ್ನು. ಪೊರೆ, ದ್ರವ, ಮೃದ್ವಸ್ಥಿ ಅದರ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಮಸುಕು ನೆರಳಾಗಿ. ದೊಡ್ಡವರಲ್ಲೇ ಇದೊಂದು ಕೊರತೆ. ಮಕ್ಕಳಲ್ಲಿ ಕೊರತೆ ಇನ್ನೂ ಹೆಚ್ಚು. ಏಕೆಂದರೆ ಚಿಕ್ಕ ಮಗುವಿನ ಮೂಳೆಯ ತುದಿಯಲ್ಲಿ ಬಹುಪಾಲು ಇನ್ನೂ ಮೃದ್ವಸ್ಥಿಯೇ; ವರ್ಷ ಕಳೆದಂತೆ ಅದು ಒಳಗಿನಿಂದ ಮೂಳೆಯಾಗುತ್ತ ಬರುತ್ತದೆ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಹುಟ್ಟುವಾಗ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಒಂದೊಂದಾಗಿ ವರ್ಷಗಳ ಅಂತರದಲ್ಲಿ ಮೂಡುತ್ತವೆ. ಹಾಗಾಗಿ ಮಗುವಿನ ಎಕ್ಸ್‌ರೇಯಲ್ಲಿ ಸವೆತ ಕಂಡಿತೆಂದರೆ ಕಾಯಿಲೆ ಬಹಳ ದೂರ ಬಂದಿದೆ ಎಂದೇ ಅರ್ಥ.

ಬೆಳೆಯುವ ದೇಹಕ್ಕೆ ಇನ್ನೊಂದು ಅಪಾಯವೂ ಇದೆ. ಉರಿಯೂತವಿರುವ ಕೀಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಪಕ್ಕದಲ್ಲೇ ಇರುವ ಬೆಳವಣಿಗೆಯ ಪಟ್ಟಿ ಇದಕ್ಕೆ ಸ್ಪಂದಿಸಿ, ಒಂದೇ ಮಂಡಿಗೆ ಸಂಧಿವಾತವಿರುವ ಪುಟ್ಟ ಮಗುವಿನಲ್ಲಿ ಆ ಕಾಲು ಇನ್ನೊಂದಕ್ಕಿಂತ ಉದ್ದವಾಗಬಹುದು. ದವಡೆಯ ಕೀಲಿನಲ್ಲಾದರೆ ತದ್ವಿರುದ್ಧ: ಕೆಳದವಡೆ ಬೆಳೆಯದೆ ಗಲ್ಲ ಹಿಂದಕ್ಕೆ ಸರಿದು, ಮುಖ ಒಂದು ಪಕ್ಕಕ್ಕೆ ಓರೆಯಾಗುತ್ತದೆ. ಕಾದು ನೋಡೋಣ ಎನ್ನುವ ಒಂದೊಂದು ತಿಂಗಳಿಗೂ ಇಲ್ಲಿ ಬೆಲೆ ಇದೆ.

ಎಕ್ಸ್‌ರೇಯ ಕಣ್ಣಿಗೆ ಆರಂಭದ ಉರಿಯೂತ ಬೀಳದ ಕಾರಣಕ್ಕೇ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2021ರ ತನ್ನ ಮಾರ್ಗಸೂಚಿಯಲ್ಲಿ, ಮಕ್ಕಳ ಕೀಲಿನಲ್ಲಿ ಉರಿಯೂತ ಇದೆಯೇ ಎಂದು ಹುಡುಕಲು ಎಕ್ಸ್‌ರೇಯನ್ನು ಮೊದಲ ಮೆಟ್ಟಿಲಾಗಿ ಬಳಸಬೇಡಿ ಎಂದು ಬಲವಾಗಿ ಹೇಳಿತು. ಅದಕ್ಕೂ ಮೊದಲು, 2015ರಲ್ಲಿ, ಯುರೋಪಿನ ಸಂಧಿವಾತ ತಜ್ಞರ ಕೂಟಗಳು ಕೈಯಿಂದ ಮುಟ್ಟಿ ನೋಡುವುದಕ್ಕಿಂತ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಹೆಚ್ಚು ನಿಖರವಾಗಿ ಉರಿಯೂತವನ್ನು ಪತ್ತೆ ಮಾಡುತ್ತವೆ ಎಂದು ಒಪ್ಪಿಕೊಂಡಿದ್ದವು.

ನೀರು ಕೊಡುವ ಸುಳಿವು

ಎಂಆರ್‌ಐ ಯಂತ್ರದಲ್ಲಿ ಎಕ್ಸ್ ಕಿರಣ ಇಲ್ಲ. ಅದು ಒಂದು ಭಾರೀ ಅಯಸ್ಕಾಂತ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ನಮ್ಮ ದೇಹದ ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಜಲಜನಕದ ಬೀಜಕಣಗಳು ಈ ಬಲಕ್ಕೆ ಒಳಗಾಗಿ ಒಂದು ದಿಕ್ಕಿನತ್ತ ತುಸು ವಾಲುತ್ತವೆ. ಆಗ ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆಯನ್ನು ಕಳುಹಿಸಿದರೆ ಅವು ಅದನ್ನು ಹೀರಿಕೊಂಡು ದಿಕ್ಕು ಬದಲಿಸುತ್ತವೆ. ಅಲೆ ನಿಂತ ಮೇಲೆ ಮೊದಲಿನ ಸ್ಥಿತಿಗೆ ಮರಳುತ್ತಾ ಸಣ್ಣ ಸಂಕೇತವೊಂದನ್ನು ಹೊರಡಿಸುತ್ತವೆ. ನೀರಿನಲ್ಲಿರುವ ಕಣ ಮರಳುವ ವೇಗ ಒಂದು, ಕೊಬ್ಬಿನಲ್ಲಿರುವುದರ ವೇಗ ಇನ್ನೊಂದು. ಆ ವ್ಯತ್ಯಾಸವೇ ಕಪ್ಪು-ಬಿಳುಪಿನ ಚಿತ್ರವಾಗುತ್ತದೆ. ಈ ಸಂಕೇತಗಳಿಂದ ಚಿತ್ರ ಕಟ್ಟುವ ದಾರಿ ತೋರಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ವೈದ್ಯಕೀಯ ನೊಬೆಲ್ ಸಂದಿತು.

ಉರಿಯೂತ ಎಂದರೆ ಆ ಜಾಗದಲ್ಲಿ ನೀರು ಹೆಚ್ಚಾಗುವುದು. ಎಂಆರ್‌ಐಗೆ ಅದೇ ಸುಳಿವು. ಕೊಬ್ಬಿನ ಸಂಕೇತವನ್ನು ಅಡಗಿಸಿ ತೆಗೆದ ಚಿತ್ರದಲ್ಲಿ ನೀರು ಬೆಳ್ಳಗೆ ಹೊಳೆಯುತ್ತದೆ. ಕೀಲಿನಲ್ಲಿ ತುಂಬಿದ ದ್ರವ, ದಪ್ಪಗಾದ ಪೊರೆ, ಮೃದ್ವಸ್ಥಿಯ ಸವೆತ, ಮೂಳೆಯಲ್ಲಿ ಬಿದ್ದ ಗುಳಿ ಒಂದೇ ಸ್ಕ್ಯಾನ್‌ನಲ್ಲಿ ಕಾಣುತ್ತವೆ. ಇವುಗಳಿಗಿಂತ ಹೆಚ್ಚಿನ ಬೆಲೆ ಇರುವುದು ಮೂಳೆಮಜ್ಜೆಯ ಊತಕ್ಕೆ. ಮೂಳೆಯ ಒಳಗೆ ಮಬ್ಬು ಬಿಳುಪಾಗಿ ಕಾಣುವ ಈ ಬದಲಾವಣೆಯನ್ನು ಬೇರೆ ಯಾವ ಸಾಮಾನ್ಯ ಪರೀಕ್ಷೆಯೂ ತೋರಿಸದು. ಅಲ್ಟ್ರಾಸೌಂಡ್ ಅಲೆ ಮೂಳೆಯ ಮೇಲ್ಮೈಗೇ ತಾಗಿ ಹಿಂತಿರುಗುತ್ತದೆ. ಮಜ್ಜೆ ಊದಿದ ಜಾಗದಲ್ಲೇ ಮುಂದೆ ಮೂಳೆ ಸವೆಯುವ ಸಂಭವ ಹೆಚ್ಚು ಎಂಬುದು ದೊಡ್ಡವರ ಸಂಧಿವಾತದಲ್ಲಿ ಚೆನ್ನಾಗಿ ಸಾಬೀತಾಗಿದೆ.

ಒಂದು ಮಂಡಿಯ ಸ್ಕ್ಯಾನ್

ನಾಲ್ಕು ವರ್ಷದ ಮಗುವಿನ ಬಲಮಂಡಿಯ ಸ್ಕ್ಯಾನ್ ಹೇಗೆ ನಡೆಯುತ್ತದೆ ನೋಡಿ. ಕೋಣೆಯೊಳಗೆ ಕಾಲಿಡುವ ಮುನ್ನವೇ ಕಿವಿಯೋಲೆ, ಕಾಲ್ಗೆಜ್ಜೆ, ಉಡಿದಾರ, ತಾಯತ, ತಲೆಯ ಕ್ಲಿಪ್ಪು ಎಲ್ಲವನ್ನೂ ಬಿಚ್ಚಿಡಬೇಕು. ಜೊತೆಗೆ ಒಳಗೆ ಹೋಗುವ ತಾಯಿಯೋ ತಂದೆಯೋ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಕಾಂತಬಲ ಯಂತ್ರ ಓಡುವಾಗ ಮಾತ್ರವಲ್ಲ, ಸದಾ ಜಾಗೃತವಾಗಿರುತ್ತದೆ. ಒಂದು ಸಣ್ಣ ಆಕ್ಸಿಜನ್ ಸಿಲಿಂಡರ್ ಕೂಡ ಆ ಕೋಣೆಯಲ್ಲಿ ಹಾರಿ ಬರುವ ಗುಂಡಾಗಬಲ್ಲದು.

ಕೈಗೆ ಸೂಜಿ ಹಾಕಿ ರಕ್ತನಾಳದ ದಾರಿ ಸಿದ್ಧ ಮಾಡುತ್ತಾರೆ. ಮಂಡಿಯ ಸುತ್ತ ಸಂಕೇತ ಹಿಡಿಯುವ ಕಾಯಿಲ್ ಕೂರಿಸಿ, ಅಲುಗದಂತೆ ಮೆತ್ತೆ ಒತ್ತಿ, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಹಾಕುತ್ತಾರೆ. ಯಂತ್ರ ಶುರುವಾದರೆ ಟಕಟಕ, ಗರಗರ ಸದ್ದು ಬಿಟ್ಟು ಬಿಟ್ಟು ಅರ್ಧ-ಮುಕ್ಕಾಲು ಗಂಟೆ ನಡೆಯುತ್ತದೆ. ದೊಡ್ಡವರೇ ಬೆವರುವ ಜಾಗ ಅದು. ಅಷ್ಟು ಹೊತ್ತು ಕಾಲನ್ನು ಅಲುಗಿಸದೆ ಮಲಗು ಎಂದರೆ ನಾಲ್ಕರ ಮಗುವಿಗೆ ಆಗದ ಮಾತು. ಮಗು ಅಲುಗಿದರೆ ಚಿತ್ರ ಕಲಸಿ ಹೋಗುತ್ತದೆ. ಹೀಗಾಗಿ ಸುಮಾರು ಆರು ವರ್ಷದೊಳಗಿನ ಬಹುತೇಕ ಮಕ್ಕಳಿಗೆ ನಿದ್ದೆಯ ಮದ್ದು ಅಥವಾ ಅರಿವಳಿಕೆ ಬೇಕಾಗುತ್ತದೆ. ಅದಕ್ಕಾಗಿ ಊಟವನ್ನು, ಹಸುವಿನ ಹಾಲನ್ನು ಆರು ಗಂಟೆ ಮುಂಚೆ, ಎದೆಹಾಲನ್ನು ನಾಲ್ಕು ಗಂಟೆ ಮುಂಚೆ ನಿಲ್ಲಿಸುವುದು ವಾಡಿಕೆ. ಅರಿವಳಿಕೆ ತಜ್ಞರು ಇಡೀ ಹೊತ್ತು ಉಸಿರು, ನಾಡಿ ನೋಡಿಕೊಳ್ಳುತ್ತಾ ಜೊತೆಗಿರಬೇಕು. ಇನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಮೊದಲೇ ಆ ಸದ್ದನ್ನು ಮೊಬೈಲ್‌ನಲ್ಲಿ ಕೇಳಿಸಿ, ಮನೆಯಲ್ಲಿ ಅಲುಗದೆ ಮಲಗುವ ಆಟ ಆಡಿಸಿದರೆ ಮದ್ದಿಲ್ಲದೆಯೇ ಕೆಲಸ ಮುಗಿಯುವುದುಂಟು. ಅಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುವುದಕ್ಕೂ ಬಹಳ ಕಡೆ ಅವಕಾಶವಿದೆ.

ಸ್ಕ್ಯಾನ್‌ನ ಕೊನೆಯ ಘಟ್ಟ ಎಲ್ಲಕ್ಕಿಂತ ಸೂಕ್ಷ್ಮ. ಗ್ಯಾಡೋಲಿನಿಯಂ ಎಂಬ ಲೋಹದ ಸಂಯುಕ್ತವನ್ನು ಮಗುವಿನ ತೂಕಕ್ಕೆ ತಕ್ಕಂತೆ ರಕ್ತನಾಳಕ್ಕೆ ಹರಿಸುತ್ತಾರೆ. ರಕ್ತ ಹೆಚ್ಚು ಹರಿಯುವ ಉರಿಯೂತದ ಪೊರೆ ಅದನ್ನು ಬೇಗ ಹೀರಿಕೊಂಡು ಬೆಳ್ಳಗೆ ಎದ್ದು ಕಾಣುತ್ತದೆ; ಈ ಬಗೆಯ ಚಿತ್ರದಲ್ಲಿ ಪಕ್ಕದ ದ್ರವ ಕಪ್ಪಾಗಿ ಉಳಿಯುತ್ತದೆ. ಈ ಗೆರೆ ಸ್ಪಷ್ಟವಾಗಿರುವುದು ಸುಮಾರು ಐದು ನಿಮಿಷ ಮಾತ್ರ. ಆಮೇಲೆ ಮದ್ದು ಪೊರೆಯಿಂದ ದ್ರವಕ್ಕೂ ಸೋರಿ ಎರಡೂ ಒಂದೇ ಬಣ್ಣವಾಗುತ್ತವೆ, ಪೊರೆ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಮಕ್ಕಳ ಕೀಲನ್ನು ನೋಡಿ ಪಳಗಿದ ತಂತ್ರಜ್ಞರು ಮದ್ದು ಹೋದ ಕೂಡಲೇ ಚಿತ್ರ ತೆಗೆಯಲು ತುದಿಗಾಲಲ್ಲಿ ನಿಲ್ಲುವುದು ಇದಕ್ಕೇ.

ಕೈಗೆ ಸಿಗದ ಕೀಲುಗಳು

ಮಂಡಿಯ ಊತವನ್ನು ಅನುಭವಿ ವೈದ್ಯರು ಕೈಯಿಂದಲೇ ಹೇಳಬಲ್ಲರು. ಅದಕ್ಕೆ ಪ್ರತಿ ಸಲ ಎಂಆರ್‌ಐ ಬೇಡ. ಎಂಆರ್‌ಐಗೆ ಸರಿಸಾಟಿ ಇಲ್ಲದಿರುವುದು ಕೈಗೆ ಸಿಗದ ಕೀಲುಗಳಲ್ಲಿ.

ಮೊದಲನೆಯದು ದವಡೆಯ ಕೀಲು. ಕಿವಿಯ ಮುಂದೆ ಇರುವ ಈ ಕೀಲಿನಲ್ಲಿ ಸಂಧಿವಾತ ಬಂದರೂ ಬಹಳ ಮಕ್ಕಳು ನೋವೆನ್ನುವುದಿಲ್ಲ, ಊತವೂ ಕಾಣುವುದಿಲ್ಲ. ಬಾಯಿ ಪೂರ್ತಿ ತೆರೆಯಲಾಗದೆ, ಚಪಾತಿ ಅಗಿಯಲು ಹೊತ್ತು ಹಿಡಿಯುವಾಗಲೋ, ಫೋಟೋದಲ್ಲಿ ಗಲ್ಲ ಓರೆಯಾಗಿ ಕಂಡಾಗಲೋ ಮನೆಯವರಿಗೆ ಅನುಮಾನ ಬರುತ್ತದೆ. ಅಷ್ಟರಲ್ಲಿ ಕೆಳದವಡೆಯ ಮೂಳೆಯ ತುದಿ ಚಪ್ಪಟೆಯಾಗಿರಬಹುದು. ಈ ಕೀಲಿನ ಉರಿಯೂತವನ್ನು ಬೇಗ ಹಿಡಿಯಲು ಗ್ಯಾಡೋಲಿನಿಯಂ ಕೊಟ್ಟು ತೆಗೆದ ಎಂಆರ್‌ಐಯನ್ನೇ ತಜ್ಞರು ನೆಚ್ಚುತ್ತಾರೆ.

ಎರಡನೆಯದು ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲು. ಹಿಮ್ಮಡಿ ನೋವು, ಮಂಡಿ ಊತದಿಂದ ಕಾಯಿಲೆ ಶುರುವಾದ ಗಂಡುಹುಡುಗರಲ್ಲಿ ಅದು ಮೆಲ್ಲಗೆ ಇಲ್ಲಿಗೆ ಏರಬಹುದು. ರಕ್ತಪರೀಕ್ಷೆಯಲ್ಲಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತು ಕಂಡವರಲ್ಲಿ ಈ ಸಾಧ್ಯತೆ ಹೆಚ್ಚು. ಎಕ್ಸ್‌ರೇಯಲ್ಲಿ ಈ ಕೀಲಿನ ಹಾನಿ ಕಾಣಲು ವರ್ಷಗಳೇ ಬೇಕು. ಎಂಆರ್‌ಐಯಲ್ಲಾದರೆ ಮಜ್ಜೆಯ ಊತ ಆರಂಭದಲ್ಲೇ ಸಿಗುತ್ತದೆ, ಅದೂ ಹೆಚ್ಚಿನ ಮಕ್ಕಳಿಗೆ ಗ್ಯಾಡೋಲಿನಿಯಂ ಇಲ್ಲದೆಯೇ. ಭಾರತದಲ್ಲಿ ಸ್ನಾಯುರಜ್ಜಿನ ತುದಿಯನ್ನು ಹಿಡಿಯುವ ಈ ಬಗೆಯ ಮಕ್ಕಳು ಹೆಚ್ಚಿರುವುದರಿಂದ ನಮ್ಮಲ್ಲಿ ಈ ಒಂದು ಸ್ಕ್ಯಾನ್‌ಗೆ ವಿಶೇಷ ಬೆಲೆ ಇದೆ.

ತೊಡೆಸಂದಿನ ಕೀಲು ಮಾಂಸಖಂಡಗಳ ಆಳದಲ್ಲಿ ಹುದುಗಿದೆ. ಅಲ್ಲಿನ ಊತ ಬೆರಳಿಗೆ ತಾಕದು. ಪಾದದಲ್ಲಿ ಹಲವು ಪುಟ್ಟ ಕೀಲುಗಳು ಒತ್ತೊತ್ತಾಗಿವೆ, ಜೊತೆಗೆ ಸ್ನಾಯುರಜ್ಜುಗಳ ಕವಚಗಳೂ ಊದಬಲ್ಲವು. ಊದಿದ ಪಾದ ನೋಡಿ ಯಾವುದರಲ್ಲಿ ಕಾಯಿಲೆ ಎಂದು ಹೇಳುವುದು ಕಷ್ಟ. ಸ್ಟೀರಾಯ್ಡ್ ಚುಚ್ಚುಮದ್ದನ್ನು ಸರಿಯಾದ ಕೀಲಿಗೇ ಹಾಕಬೇಕಾದರೆ ಅದು ಮೊದಲು ತಿಳಿಯಬೇಕು. ಅಂಥ ಕಡೆ ಚಿತ್ರ ಇಲ್ಲದೆ ಮದ್ದು ಗುರಿ ತಪ್ಪುತ್ತದೆ.

ಮಗುವಿನ ಮೂಳೆ ಓದುವ ಕಣ್ಣು

ಎಂಆರ್‌ಐ ಯಂತ್ರ ತಪ್ಪದೆ ತೋರಿಸುತ್ತದೆ ಎಂದ ಮಾತ್ರಕ್ಕೆ ಓದುವವರು ತಪ್ಪುವುದಿಲ್ಲ ಎಂದಲ್ಲ. ದೊಡ್ಡವರ ಸ್ಕ್ಯಾನ್ ನೋಡಿ ಪಳಗಿದ ಕಣ್ಣು ಮಗುವಿನ ಸ್ಕ್ಯಾನ್‌ನಲ್ಲಿ ಎಡವುವುದು ಸುಲಭ.

ಮಣಿಕಟ್ಟನ್ನೇ ತೆಗೆದುಕೊಳ್ಳಿ. ದೊಡ್ಡವರ ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಗುಳಿ ಕಂಡರೆ ಅದು ಸಂಧಿವಾತದ ಸವೆತ ಎಂದು ಬರೆಯುವುದು ರೂಢಿ. ಯುರೋಪಿನ ತಜ್ಞರು ಯಾವ ಕಾಯಿಲೆಯೂ ಇಲ್ಲದ ಮಕ್ಕಳ ಮಣಿಕಟ್ಟನ್ನು ಸ್ಕ್ಯಾನ್ ಮಾಡಿ ನೋಡಿದಾಗ ಅಂಥದೇ ಗುಳಿಗಳು ಅಲ್ಲಿಯೂ ಸಿಕ್ಕವು. ಮೂಳೆ ಬೆಳೆದಂತೆ ರಕ್ತನಾಳ ಒಳಹೋಗುವ, ಸ್ನಾಯುಪಟ್ಟಿ ಅಂಟಿಕೊಳ್ಳುವ ಜಾಗಗಳಲ್ಲಿ ಇಂಥ ತಗ್ಗುಗಳು ಸಹಜ. ಅದಷ್ಟೇ ಅಲ್ಲ, ಮಜ್ಜೆಯ ಊತದಂತೆ ತೋರುವ ಬಿಳಿ ಮಚ್ಚೆಗಳೂ ಆರೋಗ್ಯವಂತ ಮಕ್ಕಳಲ್ಲಿ ಕಂಡವು.

ಇದಕ್ಕೂ ಕಾರಣ ಬೆಳವಣಿಗೆಯೇ. ಹುಟ್ಟುವಾಗ ಮೂಳೆಗಳಲ್ಲೆಲ್ಲ ರಕ್ತ ತಯಾರಿಸುವ ಕೆಂಪು ಮಜ್ಜೆ ತುಂಬಿರುತ್ತದೆ. ವಯಸ್ಸಾದಂತೆ ಕೈಕಾಲುಗಳ ತುದಿಯಿಂದ ಶುರುವಾಗಿ ಅದು ಕೊಬ್ಬಿನ ಹಳದಿ ಮಜ್ಜೆಯಾಗಿ ಬದಲಾಗುತ್ತ ಬರುತ್ತದೆ. ನಡುವಿನ ವರ್ಷಗಳಲ್ಲಿ ಅಲ್ಲಲ್ಲಿ ಉಳಿದ ಕೆಂಪು ಮಜ್ಜೆ ನೀರು ಹೆಚ್ಚಿರುವುದರಿಂದ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುತ್ತದೆ. ಸ್ಯಾಕ್ರೋಇಲಿಯಾಕ್ ಕೀಲಿನ ಅಂಚಿನಲ್ಲಿ, ಮೂಳೆ ಇನ್ನೂ ಗಟ್ಟಿಯಾಗುತ್ತಿರುವ ಹುಡುಗರಲ್ಲಿ, ಹೀಗೆಯೇ ಒಂದು ಬಿಳಿ ಪಟ್ಟಿ ಕಾಣುತ್ತದೆ. ಅದನ್ನು ಉರಿಯೂತ ಎಂದು ಓದಿಬಿಟ್ಟರೆ ಇಲ್ಲದ ಕಾಯಿಲೆಗೆ ಆ ಹುಡುಗ ವರ್ಷಗಟ್ಟಲೆ ಸೋಂಕಿನ ಅಪಾಯವಿರುವ ದುಬಾರಿ ಮದ್ದು ತೆಗೆದುಕೊಳ್ಳಬೇಕಾದೀತು.

ಒಬ್ಬೊಬ್ಬರು ಒಂದೊಂದು ರೀತಿ ಓದುವುದನ್ನು ತಪ್ಪಿಸಲು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ತಂಡವೊಂದು 2013ರಲ್ಲಿ ಮಕ್ಕಳ ಮಂಡಿಗಾಗಿಯೇ ಜಾಮ್ರಿಸ್ ಎಂಬ ಅಂಕ ಪದ್ಧತಿ ರೂಪಿಸಿತು. ಪೊರೆಯ ದಪ್ಪ, ಮಜ್ಜೆಯ ಬದಲಾವಣೆ, ಮೃದ್ವಸ್ಥಿಯ ಹಾನಿ, ಮೂಳೆಯ ಸವೆತ ಎಂಬ ನಾಲ್ಕನ್ನು ಗೊತ್ತಾದ ಜಾಗಗಳಲ್ಲಿ ಅಳೆದು ಅಂಕ ಕೊಡುವುದು ಇದರ ಕ್ರಮ. ಪೊರೆ 2 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಸೊನ್ನೆ. 4 ಮಿಲಿಮೀಟರ್ ದಾಟಿದರೆ ಅತಿ ಹೆಚ್ಚಿನ ಅಂಕ. ಆಮೇಲೆ ದವಡೆಗೆ, ಸ್ಯಾಕ್ರೋಇಲಿಯಾಕ್ ಕೀಲಿಗೆ ಇಂಥ ಪದ್ಧತಿಗಳು ಬಂದವು. ಎರಡು ದೇಶಗಳ ವೈದ್ಯರು ಒಂದೇ ಸ್ಕ್ಯಾನ್‌ಗೆ ಒಂದೇ ಮಾತು ಹೇಳಬೇಕಾದರೆ, ಹೊಸ ಮದ್ದೊಂದು ಕೀಲನ್ನು ನಿಜವಾಗಿ ಉಳಿಸುತ್ತಿದೆಯೇ ಎಂದು ತಿಳಿಯಬೇಕಾದರೆ, ಇಂಥ ಸಮಾನ ಅಳತೆ ಬೇಕೇ ಬೇಕು.

ಊತ ಇಳಿದ ಮೇಲೆ

ಈ ಕಾಯಿಲೆಗೆ ಇಂದು ಒಳ್ಳೆಯ ಚಿಕಿತ್ಸೆ ಇದೆ. ಒಂದೆರಡು ಕೀಲಾದರೆ ಒಳಗೇ ಸ್ಟೀರಾಯ್ಡ್ ಚುಚ್ಚುಮದ್ದು. ಹೆಚ್ಚು ಕೀಲಿಗಾದರೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಅದಕ್ಕೂ ಬಗ್ಗದಿದ್ದರೆ ಎಟನರ್ಸೆಪ್ಟ್, ಅಡಲಿಮುಮ್ಯಾಬ್, ಟೋಸಿಲಿಜುಮ್ಯಾಬ್‌ನಂಥ ಜೈವಿಕ ಮದ್ದುಗಳು. ಮಕ್ಕಳ ಸಂಧಿವಾತಕ್ಕೆ ಎಟನರ್ಸೆಪ್ಟ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1999ರಲ್ಲಿ. ಗಾಲಿಕುರ್ಚಿಗೆ ಬೀಳಬಹುದಾಗಿದ್ದ ಎಷ್ಟೋ ಮಕ್ಕಳು ಆ ನಂತರದ ದಿನಗಳಲ್ಲಿ ಕಬಡ್ಡಿ ಆಡುವಂತಾದರು.

ಊತ ಇಳಿದು, ರಕ್ತಪರೀಕ್ಷೆ ಸರಿಯಾಗಿ, ಮಗು ಓಡಾಡುವಾಗ ಎಲ್ಲ ಪೋಷಕರೂ ಕೇಳುವುದು ಒಂದನ್ನೇ: ಮದ್ದು ನಿಲ್ಲಿಸಬಹುದೇ? ವೈದ್ಯರ ಕೈಗೆ ಏನೂ ಸಿಗದ ಇಂಥ ಮಕ್ಕಳನ್ನು ಎಂಆರ್‌ಐಯಲ್ಲಿ ನೋಡಿದಾಗ ಗಣನೀಯ ಪ್ರಮಾಣದ ಮಕ್ಕಳಲ್ಲಿ ಪೊರೆ ಇನ್ನೂ ದಪ್ಪಗಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗೆಂದು ಸ್ಕ್ಯಾನ್‌ನಲ್ಲಿ ಏನಾದರೂ ಕಂಡವರೆಲ್ಲರಿಗೂ ಕಾಯಿಲೆ ಮರುಕಳಿಸಲಿಲ್ಲ. ಆದ್ದರಿಂದ ಸ್ಕ್ಯಾನ್ ಒಂದನ್ನೇ ನೋಡಿ ಚಿಕಿತ್ಸೆ ಹೆಚ್ಚಿಸುವ ಅಥವಾ ನಿಲ್ಲಿಸುವ ನಿಯಮ ಇನ್ನೂ ರೂಪುಗೊಂಡಿಲ್ಲ. ಮಗುವಿನ ಇತಿಹಾಸ, ಕಾಯಿಲೆಯ ಬಗೆ, ಎಷ್ಟು ಕಾಲ ಶಾಂತವಾಗಿದೆ ಎಂಬುದರ ಜೊತೆಗೆ ಸ್ಕ್ಯಾನ್ ಕೂಡ ಒಂದು ಸಾಕ್ಷಿ. ಇದನ್ನು ತಿಳಿಸಿ ಹೇಳುವ ವೈದ್ಯರ ಮೇಲೆ ನಂಬಿಕೆ ಇಡಿ.

ಬೇರೆ ಕಾಯಿಲೆಯೂ ಇರಬಹುದು

ಊದಿದ ಮಂಡಿಗೆಲ್ಲ ಜೆಐಎ ಕಾರಣವಲ್ಲ. ನಮ್ಮ ದೇಶದಲ್ಲಿ ಒಂದೇ ಕೀಲು ತಿಂಗಳುಗಟ್ಟಲೆ ಊದಿಕೊಂಡಿದ್ದರೆ ಕ್ಷಯದ ನೆನಪು ಮೊದಲು ಬರಬೇಕು. ಹಿಮೋಫಿಲಿಯಾ ಇರುವ ಹುಡುಗನ ಕೀಲಿನಲ್ಲಿ ರಕ್ತ ಸುರಿದು ಸುರಿದು ಕಬ್ಬಿಣದ ಅಂಶ ಉಳಿದಿರುತ್ತದೆ. ಅದು ಎಂಆರ್‌ಐಯಲ್ಲಿ ಕಡುಕಪ್ಪಾಗಿ ಗುರುತು ಕೊಡುತ್ತದೆ. ರಕ್ತದ ಕ್ಯಾನ್ಸರ್ ಕೂಡ ಮಕ್ಕಳಲ್ಲಿ ಕೆಲವೊಮ್ಮೆ ಕೀಲುನೋವಾಗಿಯೇ ಶುರುವಾಗುತ್ತದೆ. ಆಗ ನೋವು ಊತಕ್ಕೆ ಮೀರಿ ಇರುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ, ಸ್ಕ್ಯಾನ್‌ನಲ್ಲಿ ಒಂದು ಕೀಲಿಗೆ ಸೀಮಿತವಾಗದೆ ಮಜ್ಜೆಯೆಲ್ಲ ಬದಲಾಗಿರುತ್ತದೆ. ಇಂಥ ಮಗುವಿಗೆ ಸಂಧಿವಾತವೆಂದು ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ಕ್ಯಾನ್ಸರ್ ತಾತ್ಕಾಲಿಕವಾಗಿ ಮರೆಯಾಗಿ ಪತ್ತೆ ತಡವಾಗುತ್ತದೆ. ಅನುಮಾನವಿದ್ದಾಗ ಚಿಕಿತ್ಸೆಗೆ ಮುನ್ನ ತೆಗೆದ ಒಂದು ಎಂಆರ್‌ಐ ಜೀವ ಉಳಿಸಬಲ್ಲದು. ಇನ್ನು ಜ್ವರದೊಂದಿಗೆ ದಿಢೀರನೆ ಊದಿ, ಮುಟ್ಟಲೂ ಬಿಡದ ಕೀಲಿನಲ್ಲಿ ಕೀವು ಇರಬಹುದು. ಅದು ಸ್ಕ್ಯಾನ್‌ಗೆ ಸರದಿ ಕಾಯುವ ಕಾಯಿಲೆಯಲ್ಲ, ಅಂದೇ ಆಸ್ಪತ್ರೆ ಸೇರಬೇಕು.

ಮಿತಿಯೂ ಗೊತ್ತಿರಲಿ

ಎಂಆರ್‌ಐಯಲ್ಲಿ ವಿಕಿರಣ ಇಲ್ಲ, ಆದ್ದರಿಂದ ಎಷ್ಟು ಸಲ ಬೇಕಾದರೂ ಮಾಡಿಸಬಹುದು ಎನ್ನುವವರಿದ್ದಾರೆ. ಆದರೆ ಅರಿವಳಿಕೆಗೆ ತನ್ನದೇ ಅಪಾಯವಿದೆ. ಗ್ಯಾಡೋಲಿನಿಯಂ ಮೂತ್ರಪಿಂಡ ಕೆಟ್ಟವರಿಗೆ ಗಂಭೀರ ಹಾನಿ ಮಾಡಬಲ್ಲದು. ಮತ್ತೆ ಮತ್ತೆ ಕೊಟ್ಟಾಗ ಅದರ ತೀರ ಸಣ್ಣ ಅಂಶ ಮಿದುಳಿನಲ್ಲಿ ಉಳಿಯುತ್ತದೆ ಎಂದು 2014ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು. ಅದರಿಂದ ಮಕ್ಕಳಿಗೆ ಕೆಡುಕಾದ ಪುರಾವೆ ಸಿಕ್ಕಿಲ್ಲ. ಆದರೂ ಲೋಹವನ್ನು ಭದ್ರವಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ಬಗೆಯದನ್ನೇ, ಅದೂ ಬೇಕಿದ್ದಾಗ ಮಾತ್ರ ಬಳಸುವುದು ಈಗಿನ ವಿವೇಕದ ದಾರಿ.

ಖರ್ಚಿನ ಮಾತೂ ಇದೆ. ಮಗುವನ್ನು ಅರಿವಳಿಕೆಯಲ್ಲಿ ಸ್ಕ್ಯಾನ್ ಮಾಡುವ ಅನುಕೂಲ ದೊಡ್ಡ ನಗರಗಳಲ್ಲಿ ಸಿಗುವಂತೆ ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದಿಲ್ಲ. ಯಂತ್ರವೂ, ಅಯಸ್ಕಾಂತವನ್ನು ಸುಮಾರು ಮೈನಸ್ 269 ಡಿಗ್ರಿಯಲ್ಲಿ ಇಡಲು ಬೇಕಾದ ದ್ರವ ಹೀಲಿಯಮ್ಮೂ ಹೆಚ್ಚಾಗಿ ಹೊರದೇಶದಿಂದ ಬರಬೇಕಾದದ್ದೇ ಇದಕ್ಕೆ ದೊಡ್ಡ ಕಾರಣ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ರೂಪಿಸಿದ, ದೇಶದಲ್ಲೇ ಅಭಿವೃದ್ಧಿಯಾದ ಮೊದಲ 1.5 ಟೆಸ್ಲಾ ಎಂಆರ್‌ಐ ಯಂತ್ರ 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಇಂಥ ಪ್ರಯತ್ನಗಳು ಬೆಳೆದು ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರ ಬಂದರೆ ಒಳ್ಳೆಯದೇ. ಜೊತೆಗೆ ಮಕ್ಕಳ ಸ್ಕ್ಯಾನ್ ಓದಲು ತರಬೇತಿ ಪಡೆದ ರೇಡಿಯಾಲಜಿಸ್ಟರೂ ಮಕ್ಕಳ ಸಂಧಿವಾತ ತಜ್ಞರೂ ಹೆಚ್ಚಾಗಬೇಕು.

ಅಲ್ಟ್ರಾಸೌಂಡ್ ಕಡಿಮೆ ಖರ್ಚಿನದು. ಅಮ್ಮನ ಮಡಿಲಲ್ಲೇ ಕೂತ ಮಗುವಿಗೆ ಮಾಡಬಹುದು, ನಿದ್ದೆಯ ಮದ್ದು ಬೇಡ, ಒಂದೇ ಸಲ ಹಲವು ಕೀಲು ನೋಡಬಹುದು. ಮಂಡಿ, ಮಣಿಕಟ್ಟು, ಬೆರಳುಗಳಲ್ಲಿ ಉರಿಯೂತ ಇದೆಯೇ ಎಂದು ತಿಳಿಯಲು ಬಹಳ ಸಲ ಅಷ್ಟೇ ಸಾಕು. ದವಡೆ, ಬೆನ್ನಬುಡ, ಮೂಳೆಯ ಒಳಭಾಗ ನೋಡಬೇಕಾದಾಗ, ಅನುಮಾನ ಬಗೆಹರಿಯದಾಗ ಎಂಆರ್‌ಐ.

ಪೋಷಕರಿಗೆ ಕೆಲವು ಮಾತು

ಮಗು ಬೆಳಗಿನ ಹೊತ್ತು ಕುಂಟುತ್ತಿದ್ದರೆ, ಕೀಲು ಊದಿದ್ದರೆ, ಮೊದಲು ಮಾಡುತ್ತಿದ್ದ ಕೆಲಸವನ್ನು ಬಿಟ್ಟಿದ್ದರೆ ಅದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ. ಸಂಜೆ ಆಸ್ಪತ್ರೆಗೆ ಹೋದಾಗ ಮಗು ಸರಿಯಾಗಿಯೇ ನಡೆಯುತ್ತದೆ. ಬೆಳಗಿನ ಆ ಅರ್ಧ ನಿಮಿಷದ ವಿಡಿಯೋ ವೈದ್ಯರಿಗೆ ಬಹಳ ಹೇಳುತ್ತದೆ. ಊದಿದ ಕೀಲನ್ನು ತಿಕ್ಕಿಸಬೇಡಿ, ಬಿಗಿಯಾಗಿ ಕಟ್ಟಿಸಬೇಡಿ. ಎಂಆರ್‌ಐ ಬರೆದುಕೊಟ್ಟರೆ ನಾಲ್ಕು ಪ್ರಶ್ನೆ ಕೇಳಿ: ಇದರಿಂದ ಏನು ತಿಳಿಯಬೇಕಾಗಿದೆ, ಉತ್ತರ ಬಂದರೆ ಚಿಕಿತ್ಸೆ ಬದಲಾಗುತ್ತದೆಯೇ, ನಿದ್ದೆಯ ಮದ್ದು ಮತ್ತು ಗ್ಯಾಡೋಲಿನಿಯಂ ಬೇಕೇ ಬೇಕೇ, ಮಕ್ಕಳ ಸ್ಕ್ಯಾನ್ ಓದಿ ಅಭ್ಯಾಸವಿರುವವರು ಯಾರು ಇದನ್ನು ನೋಡುತ್ತಾರೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಸ್ಕ್ಯಾನ್‌ನ ಸಿ.ಡಿ.ಯನ್ನು, ಹಳೆಯ ವರದಿಗಳನ್ನು ಜೋಪಾನವಾಗಿಡಿ, ಮುಂದಿನ ಹೋಲಿಕೆಗೆ ಅವೇ ಆಧಾರ.

ಜೆಐಎ ಇರುವ ಮಗುವಿನ ಕಣ್ಣನ್ನೂ ನೇತ್ರತಜ್ಞರಿಂದ ತಪ್ಪದೆ ಪರೀಕ್ಷೆ ಮಾಡಿಸಿ. ಕೆಂಪಾಗದೆ, ನೋಯದೆ, ಕಣ್ಣಿನೊಳಗೂ ಉರಿಯೂತ ಬರುತ್ತದೆ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಪರೀಕ್ಷೆ ಬೇಕು. ಅದನ್ನು ಯಾವ ಎಂಆರ್‌ಐಯೂ ಮಾಡಿಕೊಡದು.

ಕುಂಟು ಆರು ವಾರ ದಾಟುವವರೆಗೆ ಕಾಯಬೇಕಿಲ್ಲ. ಒಂದೆರಡು ವಾರದಲ್ಲಿ ಇಳಿಯದ ಊತಕ್ಕೆ ಮಕ್ಕಳ ವೈದ್ಯರ ಬಳಿ ಹೋಗಿ, ಎಕ್ಸ್‌ರೇ ಸರಿಯಿದ್ದರೂ ಮಗುವಿನ ತೊಂದರೆ ಹಾಗೇ ಇದ್ದರೆ ಮಕ್ಕಳ ಸಂಧಿವಾತ ತಜ್ಞರಿಗೆ ತೋರಿಸಿ ಎಂದು ನೀವೇ ಕೇಳಿ. ಬೇಗ ಹಿಡಿದರೆ ಈ ಕಾಯಿಲೆಯ ಬಹುಪಾಲು ಮಕ್ಕಳು ಎಲ್ಲರಂತೆ ಬೆಳೆದು, ಎಲ್ಲರಂತೆ ಓಡಬಲ್ಲರು.